ಅಮರಯ್ಯನವರ ಕೆಂಪು ದಾರ

ಬೆಳಗಿನ ಐದು ಗಂಟೆ. ಹೈದರಾಬಾದಿನ ಕೊಂಡಾಪುರದ ಗಾಜಿನ ಕಟ್ಟಡಗಳಲ್ಲಿ ರಾತ್ರಿ ಪಾಳಿಯ ದೀಪಗಳು ಇನ್ನೂ ಆರಿಲ್ಲ. ಆ ಕಟ್ಟಡಗಳ ಬೆನ್ನಿಗೆ, ಯಾವ ಬಿಲ್ಡರನೂ ಒಡೆಯಲು ಮನಸ್ಸು ಮಾಡದ ನಾಲ್ಕು ಹೆಬ್ಬಂಡೆಗಳು ಒಂದರ ಹೆಗಲ ಮೇಲೊಂದು ಕುಳಿತಿವೆ. ಅವುಗಳ ಬುಡದಲ್ಲಿ ಒಂದು ತಗಡಿನ ಶೆಡ್ಡು, ಬೋರ್ಡಿಲ್ಲ, ನಂಬರಿಲ್ಲ. ಜನವರಿಯ ಚಳಿಗೆ ತಗಡು ಬೆವೆತು ಹನಿಯುತ್ತಿದೆ. ಒಳಗೆ ಐವತ್ತೆಂಟು ವರ್ಷದ ಅಮರಯ್ಯ ಪೂಜೆ ಮುಗಿಸಿ, ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಾರೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ. ದೀಪದ ಸ್ವಿಚ್ಚು ಕೈಗೆ ಎಟಕುವಷ್ಟು ಹತ್ತಿರದಲ್ಲಿದ್ದರೂ ಅದನ್ನು ಮುಟ್ಟುವುದಿಲ್ಲ.

ಗೋಡೆಗುಂಟ ಎಂಟು ಸೈಕಲ್ಲುಗಳು ನಿಂತಿವೆ. ಕಲ್ಲು, ಕೊರಕಲು, ಗುಡ್ಡ ಹತ್ತಿಳಿಯುವ ದಪ್ಪ ಗಾಲಿಯ ಸೈಕಲ್ಲುಗಳು. ಅಮರಯ್ಯ ಮೊದಲನೆಯದರ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಂದಿನ ಗಾಲಿಯನ್ನು ಹಿಡಿದಿರುವ ಕೊಳವೆಯ ಮೇಲೆ ಬೆರಳಾಡಿಸುತ್ತಾರೆ. ಕೊಳವೆಗೆ ಒಂದು ಎಳೆ ಕೆಂಪು ದಾರ ಕಟ್ಟಿದೆ. ನಿನ್ನೆ ಸಂಜೆ ಕಟ್ಟಿದಲ್ಲೇ ಇದೆ. ಎರಡನೆಯದು, ಅದೂ ಹಾಗೇ ಇದೆ. ಮೂರು, ನಾಲ್ಕು, ಹೀಗೆ ಏಳರವರೆಗೆ. “ಕತ್ತಲಾಗ ಕಣ್ಣು ಇಲ್ಲದ್ದನ್ನ ಕಾಣತಾವ್ರಿ. ಬೆರಳು ಕಾಣೂದಿಲ್ಲ, ಇದ್ದದ್ದಷ್ಟ ಮುಟ್ಟತಾವ” ಎನ್ನುತ್ತಾರೆ.

ಎಂಟನೆಯದು ಮೂಲೆಯಲ್ಲಿದೆ. ಅದರ ಮುಂಭಾಗ ಬಾಗಿದೆ. ಸೀಟಿನ ಮೇಲೆ ಯಾರೋ ಕೂತು, ಹ್ಯಾಂಡಲ್ಲಿಗೆ ಭಾರ ಹಾಕಿ, ಹೊರಡಲು ಕಾದಿರುವ ಹಾಗೆ. ಕೆಂಪು ದಾರ ಕಟ್ಟಿದ ಜಾಗದಿಂದ ಒಂದೂವರೆ ಬೆರಳು ಮೇಲೇರಿದೆ. ಅಮರಯ್ಯ ಎದ್ದು ಹ್ಯಾಂಡಲ್ಲಿನ ಮೇಲೆ ಅಂಗೈ ಇಡುತ್ತಾರೆ. ಅದು ನಿಧಾನಕ್ಕೆ ತಲೆ ಎತ್ತುತ್ತದೆ. ಎತ್ತುವಾಗ ಕೊಳವೆಯೊಳಗಿಂದ ಉದ್ದನೆಯ ಒಂದು ಉಸಿರು ಹೊರಬೀಳುತ್ತದೆ.

“ಇನ್ನೂ ಸಿಕ್ಕಿಲ್ಲಪ್ಪ,” ಅಮರಯ್ಯ ತಗ್ಗಿದ ದನಿಯಲ್ಲಿ ಹೇಳುತ್ತಾರೆ. “ಹುಡುಕಾಕತ್ತೀನಿ.”

ಆಮೇಲೆ ದೀಪ ಹಾಕುತ್ತಾರೆ.

ಸವಾರರು ಫೋರ್ಕು ಎಂದು ಕರೆಯುವ ಆ ಜೋಡಿ ಕೊಳವೆಗೆ ಅಮರಯ್ಯನವರ ಬಾಯಲ್ಲಿ ‘ಕಾಲು’ ಎಂದೇ ಹೆಸರು. ನುಣ್ಣನೆಯ ಸಣ್ಣ ಕೊಳವೆ ಕೆಳಗಿನ ದಪ್ಪ ಕೊಳವೆಯೊಳಗೆ ಜಾರುತ್ತದೆ. ಒಳಗಿರುವ ಗಾಳಿಯೋ ಸ್ಪ್ರಿಂಗೋ ಅದನ್ನು ಮತ್ತೆ ಮೇಲಕ್ಕೆ ನೂಕುತ್ತದೆ. ಕಲ್ಲಿನ ಏಟು ಕೈಗೆ, ಬೆನ್ನಿಗೆ ಮುಟ್ಟದಂತೆ ತಡೆಯುವುದು ಈ ಏರಿಳಿತವೇ. ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಕಡಿಮೆ ಬೆಲೆಯ ಸೈಕಲ್ಲು ಕೊಳ್ಳುತ್ತಾರೆ, ಅದರ ಕಾಲು ಆರು ತಿಂಗಳಿಗೇ ಮರಗಟ್ಟುತ್ತದೆ. ಒಳ್ಳೆಯ ಕಾಲು ಪರದೇಶದಿಂದ ಬರಬೇಕು, ಅದರ ಬೆಲೆಗೆ ಇನ್ನೊಂದು ಸೈಕಲ್ಲೇ ಬರುತ್ತದೆ. ಅಂಥವರು ಒಬ್ಬರ ಬಾಯಿಂದ ಒಬ್ಬರು ಕೇಳಿ ಈ ಶೆಡ್ಡಿಗೆ ಬರುತ್ತಾರೆ. ಅಮರಯ್ಯ ಇದ್ದ ಕಾಲನ್ನೇ ಬಿಚ್ಚಿ, ತೊಳೆದು, ಎಣ್ಣೆ ಬದಲಿಸಿ, ಸವಾರರ ತೂಕಕ್ಕೆ ಒಪ್ಪುವ ಸ್ಪ್ರಿಂಗು ಹಾಕಿ ಕೊಡುತ್ತಾರೆ. ಅದೂ ಆಗದಿದ್ದರೆ, ಯಾರೋ ಬಿಟ್ಟ ಹಳೆಯ ಒಳ್ಳೆಯ ಕಾಲನ್ನು ರಿಪೇರಿ ಮಾಡಿ ಜೋಡಿಸುತ್ತಾರೆ.

ದಾರದ ಕೆಲಸ ಸರಳ. ಸಣ್ಣ ಕೊಳವೆ ದಪ್ಪ ಕೊಳವೆಯೊಳಗೆ ಇಳಿದಾಗ ದಾರ ಮೇಲಕ್ಕೆ ನೂಕಿಸಿಕೊಳ್ಳುತ್ತದೆ. ಕಾಲು ಮತ್ತೆ ಎದ್ದರೂ ದಾರ ಅಲ್ಲೇ ಉಳಿಯುತ್ತದೆ. ಎಷ್ಟು ಇಳಿದಿತ್ತು ಎಂಬುದನ್ನು ಆಮೇಲೆ ಬಂದು ನೋಡಬಹುದು. ದುಬಾರಿ ಕಾಲುಗಳಿಗೆ ಕಂಪನಿಯವರೇ ಇದಕ್ಕೆಂದು ರಬ್ಬರಿನ ಬಳೆ ಹಾಕಿರುತ್ತಾರೆ. ಅಮರಯ್ಯ ಹಾಕುವುದು ಗುರುಗುಂಟಾ ಅಮರೇಶ್ವರನ ಗುಡಿಯ ದಾರ. ಹೆಂಡತಿ ಕಮಲಾಕ್ಷಿ ವರ್ಷಕ್ಕೊಮ್ಮೆ ಒಂದು ಕಟ್ಟು ತರುತ್ತಾರೆ. “ಮಂದಿ ಬೀಳಬಾರದಂತ ಕಟಗೊಳ್ಳೂ ದಾರ. ಅಳತಿಗೂ ಆತು, ರಕ್ಷಾಕ್ಕೂ ಆತು” ಎಂಬುದು ಅವರ ಲೆಕ್ಕ.

ಐದೂವರೆಗೆ ಹೊರಗೆ ಬ್ರೇಕಿನ ಸದ್ದು. ಮೈಸೂರಿನ ತೇಜಸ್ವಿನಿ, ಎದುರಿನ ಕಟ್ಟಡದಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದವಳು, ಭಾನುವಾರದ ಸವಾರಿಗೆ ಮುಂಚೆ ಗಾಳಿ ನೋಡಿಸಲು ಬಂದಿದ್ದಾಳೆ.

“ಕಾಟಾ ಹತ್ತವ್ವಾ,” ಅಮರಯ್ಯ ಮೂಲೆಯ ಹಳೆಯ ತೂಕದ ಯಂತ್ರ ತೋರಿಸುತ್ತಾರೆ.

“ಅಂಕಲ್, ಹದಿನೈದು ದಿನದ ಹಿಂದೆ ಹತ್ತಿದ್ದೆನಲ್ಲ! ಐವತ್ತೆಂಟು ಅಂತ ಬರ್ಕೊಂಡಿದ್ರಿ.”

“ನಡುವ ಸಂಕ್ರಾಂತಿ ಬಂದು ಹೋತು.”

ಬೆನ್ನಚೀಲ, ನೀರಿನ ಬಾಟಲಿ, ಹೆಲ್ಮೆಟ್ಟು ಸಮೇತ ಹತ್ತಬೇಕು, ಅದು ಇಲ್ಲಿಯ ನಿಯಮ. ಮುಳ್ಳು ಅರವತ್ತೂವರೆಗೆ ಹೋಗಿ ನಿಂತಿತು.

“ಇದು ರೇಷನ್ ಅಂಗಡಿ ಕಾಟಾ ಅಂಕಲ್, ಯಾವಾಗ್ಲೂ ಜಾಸ್ತೀನೇ ತೋರ್ಸತ್ತೆ.”

“ಅಲ್ಲಿದ್ದಾಗ ಹಂಗ ಇತ್ತು ಖರೇ. ಇಲ್ಲಿಗೆ ಬಂದಮ್ಯಾಲ ನಾನ ತಿದ್ದೀನಿ.”

ಶೆಡ್ಡಿನ ಹಿಂಬದಿಯ ಕೋಣೆಯೇ ಇವರ ಮನೆ. ಅಲ್ಲಿಂದ ಕಮಲಾಕ್ಷಿಯವರ ದನಿ ಕೇಳಿತು: “ಹುಡುಗಿಗೆ ಇನ್ನೊಂದು ಎಳ್ಳುಂಡಿ ಕೊಡ್ಲೇನು? ಹೆಂಗೂ ಕೆಟ್ಟೈತಿ ಲೆಕ್ಕ!”

ತೇಜಸ್ವಿನಿ ನಗುತ್ತಾಳೆ, ಉಂಡೆಗೆ ಕೈ ಒಡ್ಡುತ್ತಾಳೆ. ಎಂಟನೆಯ ಸೈಕಲ್ಲಿರುವ ಮೂಲೆಯ ಕಡೆ ಮಾತ್ರ ತಿರುಗುವುದಿಲ್ಲ.

ಅಮರಯ್ಯ ಸುಣ್ಣದ ಕಡ್ಡಿಯಿಂದ ಗೋಡೆಯ ಮೇಲೆ ಅವಳ ಅಂಕಿ ತಿದ್ದುತ್ತಾರೆ. ನೀಲಿ ಗೋಡೆ ಪೂರಾ ಹೆಸರುಗಳು. ಚಿತ್ರಾ 54. ಅಪೂರ್ವ 66. ಅರವಿಂದ್ 90. ಹಳೆಯ ಸಾಲುಗಳಲ್ಲಿ ಹೆಸರು, ತೂಕ, ಅಷ್ಟೇ. ಯಾವ ಊರು, ಯಾವ ಕಂಪನಿ ಎಂದು ಅಮರಯ್ಯ ಆಗ ಕೇಳಿದವರಲ್ಲ. ಕಾಲಿಗೆ ಬೇಕಾದದ್ದು ತೂಕ ಮಾತ್ರ. ಕೆಲವು ಹೆಸರುಗಳ ಪಕ್ಕದಲ್ಲಿ ಕಂದು ಬಣ್ಣದ ಒಂದು ಸೊನ್ನೆ. ‘ತರುಣ 72’ ಎಂಬ ಹೆಸರಿನ ಪಕ್ಕದಲ್ಲಿ ಸೊನ್ನೆಯ ಜೊತೆಗೆ ಒಂದು ಬೊಟ್ಟು ವಿಭೂತಿ.

ಆ ಸೊನ್ನೆಗಳ ಕಥೆಯೇ ಅಮರಯ್ಯನವರ ಕಥೆ.

ಅವರು ಹುಟ್ಟಿದ್ದು ಲಿಂಗಸುಗೂರು ತಾಲೂಕಿನ ಗುರುಗುಂಟಾದ ಮಗ್ಗುಲ ಹಳ್ಳಿಯಲ್ಲಿ. ಹದಿನೆಂಟನೇ ವಯಸ್ಸಿಗೆ ಹೈದರಾಬಾದಿಗೆ ಬಂದು, ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆದರು. ತಗಡು ಒತ್ತುವ ಹದಿನಾಲ್ಕು ದೊಡ್ಡ ಪ್ರೆಸ್ಸುಗಳಿದ್ದವು ಅಲ್ಲಿ. ಅವುಗಳ ಎಣ್ಣೆಯ ಸಿಲಿಂಡರುಗಳನ್ನು ಬಿಚ್ಚಿ ಕಟ್ಟುವುದು ಅವರ ಕೆಲಸ. ಮೂವತ್ತಾರು ವರ್ಷ ಅದನ್ನೇ ಮಾಡಿದರು. “ಗಾಳಿ, ಎಣ್ಣಿ, ರಬ್ಬರಿನ ರಿಂಗು. ಮೂರರ ಮ್ಯಾಲ ಇಡೀ ಕಾರ್ಖಾನಿ ನಿಂತಿತ್ತು. ರಿಂಗು ಹೋದ್ರ ನೂರು ಟನ್ನಿನ ಪ್ರೆಸ್ಸು ಹಂಗ ಕುಂತ ಬಿಡತೈತಿ” ಎಂದು ನೆನೆಯುತ್ತಾರೆ. ಪ್ರೆಸ್ಸು ಯಾವಾಗ ಕುಸಿಯುತ್ತದೆ ಎಂಬುದನ್ನು ಅವರು ಕಿವಿಗೊಟ್ಟು ಹೇಳುತ್ತಿದ್ದರಂತೆ. ಅದಕ್ಕೆ ಮುಂಚೆ ಅದು ಒಂದು ನಿಟ್ಟುಸಿರು ಬಿಡುತ್ತದೆ. ಒಮ್ಮೆ ಆ ಉಸಿರು ಕೇಳಿಸಿಕೊಂಡು, ಪ್ರೆಸ್ಸಿನ ಬಾಯಲ್ಲಿ ಕೈಯಿಟ್ಟಿದ್ದ ಕೆಲಸಗಾರನನ್ನು ಹಿಂದಕ್ಕೆ ಎಳೆದಿದ್ದರು.

ಕಾರ್ಖಾನೆ ಮುಚ್ಚಿತು. ಆ ಜಾಗದಲ್ಲಿ ಈಗ ಹನ್ನೆರಡು ಮಾಳಿಗೆಯ ಅಪಾರ್ಟ್‌ಮೆಂಟು ಇದೆ. ಕಮಲಾಕ್ಷಿ ಕೊಂಡಾಪುರದ ಹುಡುಗಿಯರ ಹಾಸ್ಟೆಲ್ಲಿನಲ್ಲಿ ರೊಟ್ಟಿ ಮಾಡುವ ಕೆಲಸ ಹಿಡಿದರು, ಗಂಡ ಹಿಂದೆ ಬಂದರು. ಒಂದು ದಿನ ಆ ಹಾಸ್ಟೆಲ್ಲಿನ ಅಂಗಳದಲ್ಲಿ ಎಣ್ಣೆ ಸೋರುತ್ತಿದ್ದ ಸೈಕಲ್ಲು ಕಂಡಿತು. ಅಂಗಡಿಯವರು ‘ಬಿಸಾಡಿ, ಹೊಸದು ಹಾಕಿಸಿ’ ಎಂದಿದ್ದರು. ಅಮರಯ್ಯ ಅದರ ಕಾಲನ್ನು ಬಿಚ್ಚಿದರೆ ಒಳಗೆ ತಮ್ಮ ಹಳೆಯ ಪ್ರೆಸ್ಸೇ ಕೂತಿತ್ತು, ಗೇಣುದ್ದ ಮಾತ್ರ. ರಾಣಿಗಂಜಿನ ಬಿಡಿಭಾಗದ ಅಂಗಡಿಯಿಂದ ಒಂದು ರಿಂಗು ತಂದು ಹಾಕಿದರು. ಅದು ಎರಡು ಸಾವಿರದ ಎಂಟರ ಮಾತು. ಅಲ್ಲಿಂದೀಚೆಗೆ ನಾನೂರಕ್ಕೂ ಮಿಕ್ಕಿ ಕಾಲುಗಳು ಈ ಕೈಯಲ್ಲಿ ಹಾದು ಹೋಗಿವೆ. ವಾರಕ್ಕೆ ಎರಡು, ಹೆಚ್ಚೆಂದರೆ ಮೂರು. ಎಣ್ಣೆಯನ್ನು ಆಸ್ಪತ್ರೆಯ ಸಿರಿಂಜಿನಿಂದ ಅಳೆದು ಹಾಕುತ್ತಾರೆ. ಕಟ್ಟಿದ ಕಾಲನ್ನು ದಾರ ಸಮೇತ ಒಂದು ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸಿ, ಮುಂಜಾನೆ ದಾರ ಮುಟ್ಟಿ ನೋಡದೆ ಯಾರಿಗೂ ಕೊಡುವುದಿಲ್ಲ.

ಆ ನಿಯಮವನ್ನು ಅವರು ಮುರಿದದ್ದು ಒಂದೇ ಸಲ, ತರುಣನಿಗಾಗಿ.

ತರುಣ ಹಾಸನದವನು, ಇಪ್ಪತ್ತಾರರ ಪ್ರಾಯ. ಅಣ್ಣ ಉಪೇಂದ್ರ ಇಲ್ಲಿಯ ರಕ್ಷಣಾ ಕಾರ್ಖಾನೆಯೊಂದರಲ್ಲಿ ನೌಕರ, ತಮ್ಮ ಕೊಂಡಾಪುರದಲ್ಲಿ. ಹುಡುಗ ಬಂದರೆ ಶೆಡ್ಡಿನ ತಗಡೆಲ್ಲ ಮಾತಾಡುತ್ತಿತ್ತು ಎನ್ನುತ್ತಾರೆ ಕಮಲಾಕ್ಷಿ. “‘ಅಮ್ಮಾ, ರೊಟ್ಟಿ ಐತೇನ್ರಿ’ ಅಂತ ನಮ್ಮ ಮಾತು ಆಡಾಕ ಹೋಗಿ ಮುಗ್ಗರಸತಿದ್ದ. ನಾ ನಕ್ಕರ ಇನ್ನೊಂದು ರೊಟ್ಟಿ ಕೇಳತಿದ್ದ.” ಎರಡು ಸಾವಿರದ ಹತ್ತರ ಡಿಸೆಂಬರಿನಲ್ಲಿ ಅವನು ಎಲ್ಲಿಂದಲೋ ಒಂದು ಹಳೆಯ ಗಾಳಿಯ ಕಾಲು ತಂದ. ಕಾಲು ಉತ್ತಮ, ಒಳಗಿನ ದೊಡ್ಡ ರಿಂಗು ಸವೆದಿತ್ತು. ಕಂಪನಿಯ ರಿಂಗು ಬರಲು ಆರು ವಾರ ಬೇಕು. ಅವನಿಗೆ ಮರುದಿನ ಭಾನುವಾರಕ್ಕೇ ಬೇಕಿತ್ತು.

ಅಮರಯ್ಯನವರ ಬಳಿ ಒಂದು ಡಬ್ಬಿ ಇತ್ತು. ಬಾಲಾನಗರದ ಕಾರ್ಖಾನೆ ಮುಚ್ಚುವ ದಿನ ಮಾಲೀಕರು ನೆನಪಿಗೆಂದು ಕೊಟ್ಟದ್ದು. ಒಳಗೆ ಒಂದು ಡಜನ್ ಕಂದು ಬಣ್ಣದ ರಿಂಗುಗಳು, ಪ್ರೆಸ್ಸಿನ ಕಾದ ಎಣ್ಣೆಗೂ ಜಗ್ಗದ ಜಾತಿಯವು. ಅಳತೆ ಕೂಡ ಎರಕ ಹೊಯ್ದಂತೆ ಹೊಂದಿತು. ತಮ್ಮಲ್ಲಿದ್ದ ಅತ್ಯಂತ ಬೆಲೆಬಾಳುವ ವಸ್ತುವನ್ನು ಹುಡುಗನ ಕಾಲಿಗೆ ಹಾಕಿ, ಕಾಟಾದ ಮೇಲೆ ನಿಲ್ಲಿಸಿ ತೂಕ ಬರೆದು, ಸೈಕಲ್ಲಿನ ಮೇಲೆ ಕೂರಿಸಿದರು. ದಾರ ಒಂದೂವರೆ ಬೆರಳು ಏರಿತು. ಎಪ್ಪತ್ತೆರಡು ಕಿಲೊಗೆ ಬರೋಬ್ಬರಿ. ಗೋಡೆಯ ಮೇಲೆ ಹೆಸರಿನ ಪಕ್ಕ ಹೆಮ್ಮೆಯಿಂದ ಕಂದು ಸೊನ್ನೆ ಬರೆದರು. ಒಂದು ರಾತ್ರಿ ನಿಲ್ಲಿಸುವ ಮಾತು ಬಂದಾಗ ಹುಡುಗ ಕೈ ಮುಗಿದ. ಅಮರಯ್ಯ ಬಿಟ್ಟುಕೊಟ್ಟರು.

ಮರುದಿನ ಮುಂಜಾನೆ ಆರಕ್ಕೆ, ಊರಾಚೆಯ ಬಂಡೆಯೊಂದರ ಇಳಿಜಾರಿನಲ್ಲಿ, ತರುಣ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಹಾರಿ ಬಿದ್ದ. ಆಸ್ಪತ್ರೆ ಮುಟ್ಟಲಿಲ್ಲ. ಮುಂದಿನ ಬ್ರೇಕು ಜೋರಾಗಿ ಹಿಡಿದಿರಬೇಕು, ಹುಡುಗನಿಗೆ ಅವಸರ ಜಾಸ್ತಿ ಎಂದು ಜೊತೆಗಿದ್ದವರು ಅಂದರು. ಎಲ್ಲರೂ ಅದನ್ನೇ ನಂಬಿದರು. ಅಮರಯ್ಯ ಕೂಡ. ಹಾಗೆ ನಂಬಿಯೇ ಮುಂದಿನ ಒಂದು ವರ್ಷದಲ್ಲಿ ಆ ಡಬ್ಬಿಯ ಇನ್ನೂ ಹತ್ತು ರಿಂಗುಗಳನ್ನು ಹತ್ತು ಜನರ ಕಾಲಿಗೆ ಹಾಕಿದರು.

ಕಳೆದ ಕಾರ್ತಿಕದಲ್ಲಿ ಉಪೇಂದ್ರ ಆ ಸೈಕಲ್ಲನ್ನು ತಳ್ಳಿಕೊಂಡು ಶೆಡ್ಡಿಗೆ ಬಂದರು. ಬಾಲ್ಕನಿಯಲ್ಲಿ ದಿನಾ ನೋಡಲಾಗುವುದಿಲ್ಲ, ಯಾರಾದರೂ ಉಪಯೋಗಿಸುವವರಿಗೆ ಕೊಟ್ಟುಬಿಡಿ ಎಂದರು. ಗಾಲಿ ನೆಟ್ಟಗಿತ್ತು, ಕಾಲಿಗೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಅದೇ ವಾರ ತೇಜಸ್ವಿನಿ ಅದನ್ನು ಕಂಡಳು. ತನ್ನ ಸೈಕಲ್ಲಿನ ಮರಗಟ್ಟಿದ ಕಾಲಿನ ಬದಲು ಇದರ ಕಾಲನ್ನು ಹಾಕಿಕೊಡಿ ಎಂದು ದುಂಬಾಲು ಬಿದ್ದಳು. ಅದು ಯಾರದು ಎಂಬುದನ್ನು ಅಮರಯ್ಯ ಮುಚ್ಚಿಡಲಿಲ್ಲ. ಅವಳು, “ಪರವಾಗಿಲ್ಲ ಅಂಕಲ್, ಕಾಲಿಗೇನು ಗೊತ್ತು ಪಾಪ” ಎಂದಳು.

ಕಾಲಿಗೆ ಹೊಸ ದಾರ ಕಟ್ಟಿ, ಗಾಳಿ ತುಂಬಿ, ಸೈಕಲ್ಲನ್ನು ಮೂಲೆಯಲ್ಲಿ ನಿಲ್ಲಿಸಿದರು. ಮುಂಜಾನೆ ಎದ್ದು ಬೆರಳಾಡಿಸಿದಾಗ ದಾರ ಕಟ್ಟಿದಲ್ಲಿ ಇರಲಿಲ್ಲ. ಸೈಕಲ್ಲಿನ ಮುಂಭಾಗ ಬಾಗಿತ್ತು. ಮುಟ್ಟಿದರೆ, ನೀರಿನಿಂದ ಮೇಲೆದ್ದವರ ಹಾಗೆ ಉಸಿರು ಬಿಟ್ಟು ಎದ್ದಿತು. ದಾರ ನಿಂತಿದ್ದದ್ದು ಒಂದೂವರೆ ಬೆರಳಿನಲ್ಲಿ.

“ನಾ ಗೋಡಿ ನೋಡಿದೆ,” ಎನ್ನುತ್ತಾರೆ ಅಮರಯ್ಯ. “ಎಪ್ಪತ್ತೆರಡಕ್ಕ ಎಷ್ಟು ಏರಬೇಕೋ ಅಷ್ಟ. ಒಂದು ಕೂದಲು ಹೆಚ್ಚಿಲ್ಲ, ಕಡಿಮಿಲ್ಲ. ಶೆಡ್ಡಿಗೆ ಒಳಗಿಂದ ಚಿಲಕ. ನಾವಿಬ್ಬರ ಇದ್ದವ್ರು.”

ಎರಡನೆಯ ಮುಂಜಾನೆ ಎರಡೂವರೆ ಬೆರಳು. ಮೂರನೆಯ ಮುಂಜಾನೆ ನಾಲ್ಕು. ನೆಟ್ಟಗೆ ಕೂತವನು ದಿನದಿಂದ ದಿನಕ್ಕೆ ಮುಂದಕ್ಕೆ ವಾಲುತ್ತಿದ್ದಂತೆ. ಇಳಿಜಾರು ಹತ್ತಿರ ಬರುತ್ತಿದ್ದಂತೆ. ಬಿಸಿಲೇರಿ ತಗಡು ಕಾದರೆ ಸೈಕಲ್ಲಿಗೆ ಏನೂ ಆಗಿರುತ್ತಿರಲಿಲ್ಲ. ಮಧ್ಯಾಹ್ನ ಎಷ್ಟು ಸಲ ಒತ್ತಿದರೂ ಕಾಲು ಚೊಕ್ಕವಾಗಿ ಕೆಲಸ ಮಾಡುತ್ತಿತ್ತು.

ಕಮಲಾಕ್ಷಿಯವರಿಗೆ ಅನುಮಾನವೇ ಇರಲಿಲ್ಲ. ಮೂರನೆಯ ದಿನ ಅವರು ಒಂದು ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ತಂದು ಸೈಕಲ್ಲಿನ ಬಳಿ ಇಟ್ಟರು. “ಹುಡುಗ ಬಂದು ಕುಂಡ್ರತಾನ. ಏನೋ ಹೇಳಾಕ ಬರತಾನ, ನಿಮಗ ಕೇಳಸವಲ್ದು. ಮೂವತ್ತಾರು ವರ್ಷ ಪ್ರೆಸ್ಸಿನ ಉಸಿರು ಕೇಳಿದವ್ರು ನೀವು!”

ಆ ಮಾತು ಅಮರಯ್ಯನವರ ಎದೆಗೆ ನಾಟಿತು. ಕುಸಿಯುವ ಮುಂಚೆ ಪ್ರೆಸ್ಸು ಬಿಡುತ್ತಿದ್ದ ಆ ನಿಟ್ಟುಸಿರು. ಇದೂ ಅದೇ ಉಸಿರು ಎಂದು ಮೊದಲ ದಿನವೇ ಅವರ ಕಿವಿ ಹೇಳಿತ್ತು. ಒಳಗಿದ್ದದ್ದು ತಮ್ಮ ಕೈಯ ರಿಂಗು ಎಂಬ ಕಾರಣಕ್ಕೆ ಮನಸ್ಸು ಕೇಳಿಸಿಕೊಂಡಿರಲಿಲ್ಲ.

ಅವತ್ತು ಅವರು ಸ್ನಾನ ಮಾಡಿ, ಮತ್ತೊಮ್ಮೆ ಲಿಂಗ ಪೂಜೆ ಮಾಡಿ, ಕಾಲನ್ನು ಸೈಕಲ್ಲಿನಿಂದ ಕಳಚಿದರು. ದಾರವನ್ನು ಕೆಳಕ್ಕೆ ಸರಿಸಿದರು. ನಂತರ ಒಳಗೆ ಹೋಗಿ ಫ್ರಿಜ್ಜಿನ ತಟ್ಟೆಗಳನ್ನು ಒಂದೊಂದಾಗಿ ತೆಗೆದು ನೆಲಕ್ಕಿಟ್ಟರು.

“ಅಯ್ಯ, ಇದೇನ್ ಮಾಡಾಕತ್ತೀರಿ?” ಕಮಲಾಕ್ಷಿ ಓಡಿ ಬಂದರು. “ಮಜ್ಜಿಗಿ ಗಡಿಗಿ ಎಲ್ಲಿಡ್ಲಿ, ನಿಮ್ಮ ತಲಿ ಮ್ಯಾಲ ಇಡ್ಲೇನು?”

“ಒಂದು ತಾಸು, ಅಷ್ಟ. ಥಂಡಿ ಬೇಕು ಇದಕ್ಕ.”

“ಥಂಡಿ ಬೇಕಂತ! ಇದೇನ್ ಮೂಲಂಗಿ ಏನು?”

ಅಮರಯ್ಯ ಕಾಲನ್ನು ಓರೆಯಾಗಿ ಫ್ರಿಜ್ಜಿನೊಳಗೆ ನಿಲ್ಲಿಸಿ ಬಾಗಿಲು ಮುಚ್ಚಿದರು. ಇಬ್ಬರೂ ಎದುರಿಗೆ ನೆಲದ ಮೇಲೆ ಕೂತರು. ಕಮಲಾಕ್ಷಿ ಬೈಯುತ್ತಲೇ ಇದ್ದರು. ಮಜ್ಜಿಗೆ, ಹಾಲು, ಹಾಸ್ಟೆಲ್ಲಿನವರ ಮೊಸರು, ಎಲ್ಲದರ ಲೆಕ್ಕ ಒಪ್ಪಿಸುತ್ತಿದ್ದರು. ಅರ್ಧ ತಾಸಾಗಿರಬೇಕು. ಮುಚ್ಚಿದ ಬಾಗಿಲಿನ ಒಳಗಿಂದ ಒಂದು ಉಸಿರು ಕೇಳಿತು. ಉದ್ದನೆಯ, ದಣಿದ ಉಸಿರು. ಕಮಲಾಕ್ಷಿಯವರ ಮಾತು ಅಲ್ಲಿಗೇ ನಿಂತಿತು. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು.

ಬಾಗಿಲು ತೆರೆದಾಗ ಕಾಲು ತನ್ನೊಳಗೆ ತಾನೇ ಕುಸಿದು ಮೊಳದಷ್ಟಾಗಿತ್ತು. ದಾರ ನಾಲ್ಕು ಬೆರಳು ಮೇಲಿತ್ತು. ಅಲ್ಲಿ ಯಾರೂ ಕೂತಿರಲಿಲ್ಲ, ಯಾವ ಭಾರವೂ ಇರಲಿಲ್ಲ.

ಕಾಲನ್ನು ಬಿಚ್ಚಿದರು. ಕಂದು ರಿಂಗಿನ ಮೇಲೆ ಗೀರಿಲ್ಲ, ಸವಕಳಿಯಿಲ್ಲ. ಆದರೆ ತಣ್ಣಗಾದ ರಿಂಗು ಬಳಪದ ಹಾಗೆ ಬಿರುಸಾಗಿತ್ತು. ಬಿರುಸಾದದ್ದು ಕೊಳವೆಗೆ ಒತ್ತಿ ಕೂರುವುದಿಲ್ಲ, ಪಕ್ಕದಿಂದ ಗಾಳಿ ಕೊಳವೆಯ ಕೆಳಭಾಗಕ್ಕೆ ನುಸುಳುತ್ತದೆ, ಕಾಲು ಕುಸಿಯುತ್ತದೆ. ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದರೆ ಮತ್ತೆ ಮೆತ್ತಗೆ. “ಬೆಂಕಿಗೆ ಮಾಡಿದ ರಿಂಗು ಅದು. ಪ್ರೆಸ್ಸು ಯಾವಾಗ್ಲೂ ಕಾದಿರತಿತ್ರಿ. ಮುಟ್ಟಿದ್ರ ಕೈ ಸುಡತಿತ್ತು. ಥಂಡಿ ಅನ್ನೂದು ಒಂದು ಐತಿ ಅಂತ ಮೂವತ್ತಾರು ವರ್ಷದಾಗ ನಾ ಒಮ್ಮೆನೂ ವಿಚಾರ ಮಾಡಿರಲಿಲ್ಲ. ಈ ಹುಡುಗ್ರು ಹೊಂಡೂದ ಥಂಡ್ಯಾಗ.” ಎಲ್ಲ ಕಡೆ ಸಿಗುವ ಅಗ್ಗದ ಕರಿ ರಿಂಗು ಹಾಕಿ ಮತ್ತೆ ಫ್ರಿಜ್ಜಿನಲ್ಲಿಟ್ಟರು. ಸಂಜೆಯವರೆಗೆ ಕಾದರು. ದಾರ ಅಲುಗಲಿಲ್ಲ.

ಆ ಸಂಜೆ ಅಮರಯ್ಯ ಉಣ್ಣಲಿಲ್ಲ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕರಿ ರಿಂಗು ಹಾಕಿ ಕಾಲನ್ನು ತೇಜಸ್ವಿನಿಗೆ ಕೊಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಮರುದಿನ ಬೆಳಿಗ್ಗೆ ಅವರು ಕಂದು ರಿಂಗನ್ನು ಒಂದು ಕಾಗದದಲ್ಲಿ ಸುತ್ತಿಕೊಂಡು, ಎರಡು ಬಸ್ಸು ಬದಲಿಸಿ, ಉಪೇಂದ್ರರ ಕ್ವಾರ್ಟರ್ಸಿಗೆ ಹೋದರು.

“ಕೂತ್ಕೊಳ್ಳಿ ಅಮರಯ್ಯನವ್ರೇ,” ಎಂದರು ಉಪೇಂದ್ರ. “ಯಾರಾದ್ರೂ ತಗೊಂಡ್ರಾ ಸೈಕಲ್ಲು?”

ಅಮರಯ್ಯ ಕೂರಲಿಲ್ಲ. ಕಾಗದ ಬಿಚ್ಚಿ ಟೀಪಾಯಿಯ ಮೇಲಿಟ್ಟು, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ದಾರದ ಮಾತು, ಫ್ರಿಜ್ಜಿನ ಮಾತು, ಒಂದು ರಾತ್ರಿ ನಿಲ್ಲಿಸದೆ ಕೊಟ್ಟ ಮಾತು. “ನಿಮ್ಮ ತಮ್ಮ ಬ್ರೇಕು ತಪ್ಪು ಹಿಡಿದಿಲ್ರಿ. ಕಾಲು ಕುಸಿದೈತಿ. ನಾ ಹಾಕಿದ ರಿಂಗದು.”

ಉಪೇಂದ್ರ ಕಾಗದವನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಅವಸರದ ಹುಡುಗ, ಅವಸರದಲ್ಲೇ ಹೋದ ಅಂತ ಎಲ್ರೂ ಅಂದ್ರು,” ಎಂದರು. “ನಾನೂ ಅಂದೆ. ಅವನ ಫೋಟೊ ಮುಂದೆ ನಿಂತು ಬೈದಿದೀನಿ.”

ಆಮೇಲೆ ಅವರು ರಿಂಗನ್ನು ಬೆರಳಿನಿಂದ ಹೊರಳಿಸಿದರು.

“ಇದೇ ರಿಂಗು ಇನ್ನೂ ಎಷ್ಟು ಜನಕ್ಕೆ ಹಾಕಿದೀರಿ?”

“ಹತ್ತು.”

“ಹಾಗಾದ್ರೆ ಸೈಕಲ್ಲು ಮಾರಬೇಡಿ. ಅಲ್ಲೇ ನಿಮ್ಮ ಶೆಡ್ಡಲ್ಲೇ ಇರ್ಲಿ. ಹತ್ತೂ ಬದಲಾಗೋವರೆಗೆ ಇರ್ಲಿ.” ಉಪೇಂದ್ರ ರಿಂಗನ್ನು ತೆಗೆದು ಶರಟಿನ ಜೇಬಿನಲ್ಲಿಟ್ಟುಕೊಂಡರು. “ಅವ್ನು ನೋಡ್ತಾ ಇರ್ಲಿ.”

ಗೋಡೆಯ ಮೇಲಿನ ಕಂದು ಸೊನ್ನೆಗಳನ್ನು ಹಿಡಿದು ಹುಡುಕಾಟ ಶುರುವಾಯಿತು. ಊರು, ವಿಳಾಸ ಇಲ್ಲದ ಹೆಸರುಗಳು. ತೇಜಸ್ವಿನಿ ಸವಾರರ ಕೂಟದವರಿಗೆಲ್ಲ ಮಿಂಚಂಚೆ ಕಳಿಸಿದಳು, ಫೋನ್ ಮಾಡಿದಳು. ಅವಳಿಗೆ ಆ ಕಾಲನ್ನು ಅಮರಯ್ಯ ಕೊಡಲಿಲ್ಲ. ಅವಳದೇ ಹಳೆಯ ಕಾಲಿಗೆ ಹೊಸ ಸ್ಪ್ರಿಂಗು ಹಾಕಿ ನಡೆಯುವಂತೆ ಮಾಡಿದರು. ಡಿಸೆಂಬರು ಮುಗಿಯುವುದರೊಳಗೆ ಒಂಬತ್ತು ಜನ ಬಂದರು. ಕೆಲವರು ನಕ್ಕರು. ಅರವಿಂದ್ ಎಂಬ ತೊಂಬತ್ತು ಕಿಲೊದ ಹುಡುಗ ತುಟಿ ಎತ್ತಿ ಮುಕ್ಕಾದ ಹಲ್ಲು ತೋರಿಸಿ, “ಇದು ನಿಮ್ಮ ರಿಂಗಾ? ನಾನು ಕಲ್ಲನ್ನ ಬೈತಿದ್ದೆ” ಎಂದ. ರಿಂಗು ಬದಲಿಸಿಕೊಂಡು ಹೋದವರಲ್ಲಿ ನಾಲ್ಕು ಜನ ಮತ್ತೆ ಈ ಕಡೆ ಬಂದಿಲ್ಲ. ಅವರು ಬರಲಿ ಎಂದು ಅಮರಯ್ಯ ಬಯಸುವುದೂ ಇಲ್ಲ.

ಹುಡುಕಬೇಕಾದ ಒಂದು ಸೊನ್ನೆ ಉಳಿದಿದೆ. ‘ಅಮಿತ 81’.

ಬಂದದ್ದು ಒಂದೇ ಸಲ, ಏಪ್ರಿಲಿನ ಉರಿ ಮಧ್ಯಾಹ್ನ. ಕರಾವಳಿಯ ಕಡೆಯ ಮಾತು, ನೀಲಿ ಬಣ್ಣದ ಕಾಲು, ಎಡಗೈಗೆ ಗಡಿಯಾರ ಇಲ್ಲ, ಬಲಗೈಗೆ ಇತ್ತು. ಇಷ್ಟು ನೆನಪಿದೆ. ಕಂಪನಿಯ ಒಪ್ಪಂದ ಮುಗಿದು ಎಲ್ಲಿಗೋ ಹೋದನಂತೆ. ಸವಾರರ ಕೂಟಕ್ಕೆ ಅವನು ಕೊಟ್ಟಿದ್ದ ನಂಬರಿಗೆ ಮಾಡಿದರೆ ಸುಲ್ತಾನ್ ಬಜಾರಿನ ಬಳೆ ಅಂಗಡಿಯ ಯಮುನಾಬಾಯಿ ಎತ್ತುತ್ತಾರೆ. ಮೊದಲ ವಾರ ಬೈದರು. ಈಗ ಅಮರಯ್ಯನವರ ದನಿ ಕೇಳಿದ ಕೂಡಲೆ ಅವರೇ ಕೇಳುತ್ತಾರೆ: “ಸಿಕ್ಕನೇನ್ರಿ ನಿಮ್ಮ ಹುಡುಗ?”

“ಅವನ ತೂಕ ಗೊತ್ತೈತಿ, ಊರು ಗೊತ್ತಿಲ್ಲ,” ಅಮರಯ್ಯ ಗೋಡೆ ನೋಡುತ್ತ ಹೇಳುತ್ತಾರೆ. “ನಾ ಎಂಥಾ ಮನಶ್ಯಾ ನೋಡ್ರಿ. ಕಾಲಿಗೆ ಏನ ಬೇಕೋ ಅಷ್ಟ ಕೇಳಿಕೊಂಡೆ.” ಈಗ ಹೆಸರಿನ ಪಕ್ಕದಲ್ಲಿ ಊರು, ಮನೆ, ಮನೆಯವರ ಫೋನು ಎಲ್ಲ ಬರೆಸಿಕೊಳ್ಳುತ್ತಾರೆ. ಗೋಡೆ ಸಾಲದೆ ತಗಡಿನ ಮೇಲೂ ಬರವಣಿಗೆ ಹತ್ತಿದೆ.

ಮೂಲೆಯ ಎಂಟನೆಯ ಸೈಕಲ್ಲಿನ ಕಾಲಿನಲ್ಲಿ ಈಗ ಕಂದು ರಿಂಗಿಲ್ಲ. ಕರಿ ರಿಂಗು ಹಾಕಿ ಎರಡು ತಿಂಗಳಾಗುತ್ತಾ ಬಂತು. ಗೇಜು ಹಚ್ಚಿ ನೋಡಿದರೆ ಗಾಳಿ ತುಂಬಿದಷ್ಟೇ ಇದೆ. ಅಂಥದೇ ರಿಂಗು ಹಾಕಿದ ಒಂಬತ್ತು ಕಾಲುಗಳು ಇಬ್ಬನಿಯಲ್ಲೂ ನೆಟ್ಟಗೆ ನಿಲ್ಲುತ್ತವೆ. ಇದೊಂದು ಮಾತ್ರ ವಾರಕ್ಕೆ ಒಂದೆರಡು ಮುಂಜಾನೆ ಬಾಗಿರುತ್ತದೆ. ನಾಲ್ಕು ಬೆರಳಿನವರೆಗೆ ಹೋಗುವುದಿಲ್ಲ. ಒಂದೂವರೆ ಬೆರಳು, ಅಷ್ಟೇ. ಇಳಿಜಾರಿಗೆ ಹೊರಟವನಲ್ಲ, ಸುಮ್ಮನೆ ಬಂದು ಕೂತವನು.

ಇದಕ್ಕೆ ಏನನ್ನುತ್ತೀರಿ ಎಂದರೆ ಅಮರಯ್ಯ ಕರಡಿಗೆಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. “ಮಷೀನಿಗೆ ಏನಾಗಿತ್ತು ಅನ್ನೂದು ನಂಗ ತಿಳೀತು. ಇದು ಮಷೀನಿನ ಮಾತಲ್ಲ. ಒಂದು ಕೆಲಸ ಬಾಕಿ ಐತಿ ಅಂತ ನೆನಪ ಮಾಡಾಕ ಬರತಾನ. ಬರಲಿ. ನಂಗ ಅಂಜಿಕಿ ಇಲ್ಲ. ಬರೂದು ಬಿಟ್ರ ಅಂಜಿಕಿ.”

ಹೊರಗೆ ತೇಜಸ್ವಿನಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಾಳೆ. ಅಮರಯ್ಯ ಬಗ್ಗಿ ಅವಳ ಸೈಕಲ್ಲಿನ ದಾರವನ್ನು ಕೆಳಕ್ಕೆ ಸರಿಸುತ್ತಾರೆ. “ಬಂದ ಕೂಡ್ಲೆ ತೋರಿಸವ್ವಾ. ನಿದ್ದಿಗಣ್ಣಾಗ ಹಂಗ ಮನಿಗೆ ಹೋಗಬ್ಯಾಡ.” ಅವಳು ಬಂಡೆಗಳ ಆಚೆ ಮರೆಯಾಗುವವರೆಗೆ ಹೊಸಿಲಲ್ಲೇ ನಿಲ್ಲುತ್ತಾರೆ. ಪೂರ್ವದ ಗಾಜುಗಳಿಗೆ ಕೆಂಪು ಹತ್ತುತ್ತಿದೆ. ಚಳಿ ಇನ್ನೂ ಹದಿನೈದು ಇಪ್ಪತ್ತು ದಿನ ಇರುತ್ತದೆ, ಆಮೇಲೆ ಬೇಸಿಗೆ, ಆಮೇಲೆ ಮತ್ತೆ ಚಳಿ ಬರುತ್ತದೆ. ಅವರು ಬೆರಳು ಮಡಿಸಿ ಎಣಿಸುತ್ತಾರೆ.

ಇದೆಲ್ಲ ಪತ್ರಿಕೆಯಲ್ಲಿ ಬರುತ್ತದೆ ಎಂದಾಗ ಅವರು ಕೇಳಿಕೊಂಡದ್ದು ಒಂದೇ.

“ನನ್ನ ಫೋಟೊ ಬ್ಯಾಡ್ರಿ. ಅಷ್ಟು ಜಾಗಾ ಇದ್ರ ಇಷ್ಟು ಬರೀರಿ. ಅಮಿತ, ಎಂಬತ್ತೊಂದು ಕಿಲೊ, ನೀಲಿ ಕಾಲು. ತಮ್ಮಾ, ನೀ ಎಲ್ಲಿದ್ರೂ ಮುಂಜಾನಿ ಥಂಡ್ಯಾಗ ಅದನ್ನ ಹತ್ತಬ್ಯಾಡ. ಯಾರಿಗರ ಮಾರಿದ್ರ ಅವರಿಗೆ ಹೇಳು. ಬಸ್ಸಿನ ಚಾರ್ಜು ನಾ ಕೊಡತೀನಿ, ಕಾಲು ತಗೊಂಡು ಬಾ. ಅರ್ಧ ತಾಸಿನ ಕೆಲಸ.”

ಒಳಗೆ ಹೋಗಿ ಎಂಟನೆಯ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಮೇಲೇರಿದ್ದ ದಾರವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಕ್ಕಿಳಿಸಿ, ಗಂಟು ಭದ್ರವಾಗಿದೆಯೇ ನೋಡುತ್ತಾರೆ.

“ಅಮಿತ ಬಂದು ಹೋದ ಮರುದಿನ, ಈ ದಾರ ಕಟ್ಟಿದಲ್ಲೇ ಇರತೈತಿ.”